ಏರಿಯಾನ್ ರಾಕೆಟ್ ಯಾರದು? ಹದಿಮೂರು ದೇಶಗಳ ಕೂಡುಕೆಲಸ ನಡೆಯುವ ಬಗೆ

ಪ್ರಶ್ನೆ: ಭಾರತದಲ್ಲಿ ರಾಕೆಟ್ ಎಂದೊಡನೆ ಇಸ್ರೊ ನೆನಪಾಗುತ್ತದೆ. ಯುರೋಪಿನಲ್ಲಿ ಇಎಸ್‌ಎ, ಅಂದರೆ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ ಇದ್ದೂ, ಫ್ರಾನ್ಸಿಗೆ ಕ್ನೆಸ್, ಜರ್ಮನಿಗೆ ಡಿಎಲ್‌ಆರ್, ಇಟಲಿಗೆ ಮತ್ತೊಂದು ಎಂದು ಬೇರೆ ಬೇರೆ ಸಂಸ್ಥೆಗಳಿವೆ. ಏರಿಯಾನ್ 6ರಂಥ ರಾಕೆಟ್ಟಿಗೆ ಹಣ ಹಾಕುವವರು ಯಾರು, ಕಟ್ಟುವವರು ಯಾರು, ಕೆಟ್ಟರೆ ಹೊಣೆ ಯಾರದು? ಇಷ್ಟು ಜನ ಕೈಜೋಡಿಸಿಯೂ ಯುರೋಪು 2023–24ರಲ್ಲಿ ತನ್ನ ಉಪಗ್ರಹಗಳನ್ನು ಅಮೆರಿಕದ ಫಾಲ್ಕನ್ 9 ರಾಕೆಟ್ಟಿನಲ್ಲಿ ಏಕೆ ಕಳಿಸಬೇಕಾಯಿತು?

ಉತ್ತರ: ಮೊದಲು ಚಿಕ್ಕ ಉತ್ತರ. ಹಣ ಸದಸ್ಯ ದೇಶಗಳದ್ದು, ಕಾರ್ಯಕ್ರಮ ಇಎಸ್‌ಎದ್ದು. ವಿನ್ಯಾಸ ಮತ್ತು ತಯಾರಿಕೆ ಏರಿಯಾನ್‌ಗ್ರೂಪ್ ಎಂಬ ಕಂಪನಿಯದು, ಮಾರಾಟ ಮತ್ತು ಉಡಾವಣೆಯ ಸೇವೆ ಅದರ ಅಂಗಸಂಸ್ಥೆ ಏರಿಯಾನ್‌ಸ್ಪೇಸ್‌ನದು. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿರುವ ಕೂರು ಉಡಾವಣಾ ಕೇಂದ್ರದ ನೆಲ ಮತ್ತು ಸುರಕ್ಷತೆ ಕ್ನೆಸ್‌ನ ಕೈಯಲ್ಲಿದೆ. ಉಡಾವಣೆಯಿಂದ ಮೂರನೆಯವರಿಗೆ ಹಾನಿಯಾದರೆ ಏರಿಯಾನ್‌ಸ್ಪೇಸ್ 6 ಕೋಟಿ ಯೂರೊವರೆಗೆ ತಾನೇ ತೆರಬೇಕು, ಅದರಾಚೆಗೆ ಫ್ರೆಂಚ್ ಸರ್ಕಾರದ ಖಾತರಿ ಇದೆ.

ಇಷ್ಟರಿಂದಲೇ ನಿಮ್ಮ ಪ್ರಶ್ನೆ ಬಗೆಹರಿಯುವುದಿಲ್ಲ, ಏಕೆಂದರೆ ಈ ಹಂಚಿಕೆ ಯಾರೋ ಒಮ್ಮೆ ಕೂತು ಬರೆದದ್ದಲ್ಲ. ಐವತ್ತು ವರ್ಷಗಳಲ್ಲಿ ಒಂದೊಂದು ಸೋಲಿನ ನಂತರ ಒಂದೊಂದು ಸಾಲು ಸೇರಿ ಆದದ್ದು. ಆ ಸೋಲುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಯುರೋಪಿನ ರಾಕೆಟ್‌ಗಳು ಹೆಚ್ಚಾಗಿ ಮುರಿದದ್ದು ಬಿಡಿಭಾಗದ ಒಳಗಲ್ಲ, ಎರಡು ಭಾಗಗಳು ಕೂಡುವ ಸಂದಿನಲ್ಲಿ. ಆ ಸಂದು ಎರಡು ತುಂಡು ಲೋಹದ ನಡುವಿನದಾಗಿರಬಹುದು, ಎರಡು ಕಂಪನಿಗಳ ನಡುವಿನದಾಗಿರಬಹುದು, ಹಳೆಯ ರಾಕೆಟ್ಟಿಗೂ ಹೊಸದಕ್ಕೂ ನಡುವಿನದಾಗಿರಬಹುದು.

ಮೊದಲ ಪಾಠ ಯುರೋಪಾ ಎಂಬ ರಾಕೆಟ್ಟಿನದು. 1960ರ ದಶಕದಲ್ಲಿ ಎಲ್ಡೊ ಎಂಬ ಸಂಘಟನೆಯಡಿ ಬ್ರಿಟನ್, ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಸೇರಿದವು. ಪರೀಕ್ಷೆಗೆ ವೂಮೆರಾ ಮರುಭೂಮಿಯನ್ನು ಕೊಟ್ಟ ಆಸ್ಟ್ರೇಲಿಯವೂ ಜೊತೆಗಿತ್ತು. ಮೊದಲ ಹಂತ ಬ್ರಿಟನ್ನಿನ ಬ್ಲೂ ಸ್ಟ್ರೀಕ್, ಎರಡನೆಯದು ಫ್ರಾನ್ಸಿನ ಕೊರಾಲಿ, ಮೂರನೆಯದು ಜರ್ಮನಿಯ ಆಸ್ಟ್ರಿಸ್, ತಲೆಯ ಮೇಲಿನ ಪರೀಕ್ಷಾ ಉಪಗ್ರಹ ಇಟಲಿಯದು. ಕಾಗದದ ಮೇಲೆ ಇದು ಚಂದದ ಹಂಚಿಕೆ. ಆದರೆ ಪ್ರತಿ ದೇಶವೂ ತನ್ನ ಹಂತದ ಗುತ್ತಿಗೆಯನ್ನು ತನ್ನ ಕಂಪನಿಗಳಿಗೆ ತಾನೇ ಕೊಡುತ್ತಿತ್ತು. ಎಲ್ಡೊ ಕಚೇರಿಗೆ ಆ ಕಂಪನಿಗಳ ಮೇಲೆ ಹಿಡಿತವಿರಲಿಲ್ಲ, ಹಂತಗಳ ನಡುವಿನ ವೈರಿಂಗಿಗೆ ಒಬ್ಬ ಒಡೆಯನಿರಲಿಲ್ಲ. ಬ್ಲೂ ಸ್ಟ್ರೀಕ್ ತನ್ನ ಪಾಲಿನ ಕೆಲಸವನ್ನು ಚೆನ್ನಾಗಿಯೇ ಮಾಡಿತು. 1968 ಮತ್ತು 1969ರ ಹಾರಾಟಗಳಲ್ಲಿ ಮೂರನೆಯ ಹಂತ ಕೈಕೊಟ್ಟಿತು. 1970ರಲ್ಲಿ ಉಪಗ್ರಹದ ಮೇಲಿನ ಹೊದಿಕೆ ಕಳಚಲಿಲ್ಲ. 1971ರ ನವೆಂಬರ್ 5ರಂದು ಕೂರುವಿನಿಂದ ಹಾರಿದ ಎಫ್11ರಲ್ಲಿ ಮಾರ್ಗದರ್ಶನದ ಕಂಪ್ಯೂಟರು ಹಾದಿಯ ನಡುವೆ ನಿಂತುಹೋಗಿ ರಾಕೆಟ್ ಒಡೆದು ಬಿತ್ತು. ತನಿಖೆ ಬೆರಳು ತೋರಿದ್ದು ಮೂರನೆಯ ಹಂತದ ವಿದ್ಯುತ್ ಜೋಡಣೆಯ ಕಡೆಗೆ ಮತ್ತು ಆ ಜೋಡಣೆಗೆ ಯಾರೂ ಪೂರ್ತಿ ಹೊಣೆ ಹೊತ್ತಿರದ ಆಡಳಿತದ ಕಡೆಗೆ. ಒಂದೇ ಒಂದು ಉಪಗ್ರಹವನ್ನೂ ಕಕ್ಷೆಗೆ ಸೇರಿಸದೆ 1973ರಲ್ಲಿ ಯುರೋಪಾ ಮುಚ್ಚಿತು.

ಇಷ್ಟಾದ ಮೇಲೂ ರಾಕೆಟ್ಟಿನ ಆಸೆ ಬಿಡಲಾಗದಂತೆ ಮಾಡಿದ್ದು ಸಿಂಫೊನಿ. ಫ್ರಾನ್ಸ್ ಮತ್ತು ಜರ್ಮನಿ ಸೇರಿ ಕಟ್ಟಿದ್ದ ಈ ಸಂಪರ್ಕ ಉಪಗ್ರಹಕ್ಕೆ ಸ್ವಂತ ರಾಕೆಟ್ ಇಲ್ಲದೆ ಅಮೆರಿಕದ ಡೆಲ್ಟಾವನ್ನು ಕೇಳಬೇಕಾಯಿತು. ಅಮೆರಿಕ ಒಪ್ಪಿದರೂ, ಅದನ್ನು ವಾಣಿಜ್ಯ ಸೇವೆಗೆ ಬಳಸಬಾರದು, ಪ್ರಯೋಗಕ್ಕಷ್ಟೇ ಎಂಬ ಷರತ್ತು ಹಾಕಿತು. 1974ರ ಡಿಸೆಂಬರಿನಲ್ಲಿ ಅದು ಹಾರಿತು. (ಭಾರತಕ್ಕೂ ಆ ಉಪಗ್ರಹದ ನಂಟಿದೆ. 1977ರಿಂದ 79ರವರೆಗೆ ಇಸ್ರೊ ತನ್ನ ದೂರಸಂಪರ್ಕ ಪ್ರಯೋಗಗಳನ್ನು ನಡೆಸಿದ್ದು ಸಿಂಫೊನಿಯ ಮೂಲಕವೇ.) ಬೇರೆಯವರ ಬಂಡಿ ಹತ್ತಿದರೆ ಅವರು ಹೇಳಿದ ಊರಿನಲ್ಲಿ ಇಳಿಯಬೇಕು ಎಂಬುದು ಪ್ಯಾರಿಸ್ಸಿಗೆ ಮನದಟ್ಟಾಯಿತು. ಪಶ್ಚಿಮ ಜರ್ಮನಿಯ ಆಗಿನ ರಾಜಧಾನಿ ಬಾನ್ ಅಷ್ಟು ಚಿಂತಿಸಲಿಲ್ಲ.

ಆದ್ದರಿಂದ 1973ರ ಜುಲೈ 31ರಂದು ಬ್ರಸೆಲ್ಸಿನಲ್ಲಿ ಆದದ್ದು ಕೊಡುಕೊಳ್ಳುವ ಒಪ್ಪಂದ. ಫ್ರಾನ್ಸ್ ಕೇಳಿದ ರಾಕೆಟ್ಟೇ ಮುಂದೆ ಏರಿಯಾನ್ ಆಯಿತು. ಜರ್ಮನಿ ಕೇಳಿದ್ದು ಅಮೆರಿಕದ ಶಟಲ್‌ನಲ್ಲಿ ಹಾರುವ ಸ್ಪೇಸ್‌ಲ್ಯಾಬ್ ಎಂಬ ಪ್ರಯೋಗಾಲಯ, ಬ್ರಿಟನ್ ಕೇಳಿದ್ದು ಹಡಗುಗಳ ಸಂಪರ್ಕಕ್ಕೆ ಉಪಗ್ರಹ. ಮೂವರೂ ಒಬ್ಬರದಕ್ಕೊಬ್ಬರು ಒಂದಿಷ್ಟು ಹಣ ಹಾಕಿದರು. ಫ್ರಾನ್ಸ್ ಏರಿಯಾನ್ ಖರ್ಚಿನ 60 ಶೇಕಡಾಕ್ಕಿಂತ ಹೆಚ್ಚನ್ನು ಹೊತ್ತುಕೊಂಡಿತು, ಅಂದಾಜು ಒಂದು ಮಿತಿ ಮೀರಿದರೆ ಆ ಹೊರೆಯೂ ತನ್ನದೇ ಎಂದಿತು. ಬದಲಿಗೆ ಅದು ಕೇಳಿದ್ದು ಒಂದೇ: ರಾಕೆಟ್ಟಿನ ತಾಂತ್ರಿಕ ಯಜಮಾನಿಕೆ ಕ್ನೆಸ್‌ಗೆ ಇರಲಿ. ಅಲ್ಲಿಂದ ಏರಿಯಾನ್ 5ರವರೆಗೂ ನಡೆದ ಪದ್ಧತಿ ಇದು. ಇಎಸ್‌ಎ ಹೆಸರಿನಲ್ಲಿ, ಇಎಸ್‌ಎ ಹಣದಲ್ಲಿ, ಅಭಿವೃದ್ಧಿಯ ಮೇಲ್ವಿಚಾರಣೆಯನ್ನು ಕ್ನೆಸ್ ನಡೆಸುತ್ತಿತ್ತು. ಸಂದುಗಳಿಗೆಲ್ಲ ಒಬ್ಬ ಯಜಮಾನ ಸಿಕ್ಕಿದ. 1979ರ ಡಿಸೆಂಬರ್ 24ರಂದು ಏರಿಯಾನ್ 1 ಮೊದಲ ಹಾರಾಟದಲ್ಲೇ ಗೆದ್ದಿತು.

ಅದರ ಮೂರನೆಯ ಪರೀಕ್ಷಾ ಹಾರಾಟದ ಹೊಟ್ಟೆಯಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಆಪಲ್ ಉಪಗ್ರಹವಿತ್ತು, 1981ರ ಜೂನ್ 19ರಂದು. ಏರಿಯಾನ್‌ನ ವೈಕಿಂಗ್ ಎಂಜಿನ್ನಿನ ತಂತ್ರವನ್ನು ಇಸ್ರೊ ಎಂಜಿನಿಯರುಗಳು ಫ್ರಾನ್ಸಿನಲ್ಲಿ ದುಡಿದು ಕಲಿತರು. ಅದರಿಂದ ಬಂದ ವಿಕಾಸ್ ಎಂಜಿನ್ ಇವತ್ತಿಗೂ ಪಿಎಸ್‌ಎಲ್‌ವಿಯ ಎರಡನೆಯ ಹಂತವನ್ನು ನೂಕುತ್ತಿದೆ. ಮುಂದಿನ ದಶಕಗಳಲ್ಲಿ ಭಾರತದ ಭಾರೀ ಸಂಪರ್ಕ ಉಪಗ್ರಹಗಳು ಕೂರುವಿನಿಂದ ಹಾರಿ ಹಾಸನದ ನಿಯಂತ್ರಣ ಕೇಂದ್ರದ ಕೈಗೆ ಬಂದದ್ದು ನಿಮಗೆ ಗೊತ್ತೇ ಇರುತ್ತದೆ. 5,854 ಕಿಲೊದ ಜಿಸ್ಯಾಟ್-11 ಕೂಡ 2018ರ ಡಿಸೆಂಬರ್ 5ರಂದು ಏರಿಯಾನ್ 5ರಲ್ಲೇ ಹೋಯಿತು.

ಈಗ ಹಣದ ಮಾತು. ಇಲ್ಲಿಯೇ ಹೆಚ್ಚಿನವರು ತಪ್ಪು ತಿಳಿಯುವುದು. ಇಎಸ್‌ಎ ಯುರೋಪಿಯನ್ ಒಕ್ಕೂಟದ ಇಲಾಖೆಯಲ್ಲ. ಅದು ಬೇರೆಯದೇ ಒಪ್ಪಂದದಿಂದ ಹುಟ್ಟಿದ, ಈಗ 23 ಸದಸ್ಯರಿರುವ ಸಂಸ್ಥೆ. ಒಕ್ಕೂಟದಲ್ಲಿಲ್ಲದ ಸ್ವಿಟ್ಜರ್‌ಲೆಂಡ್, ನಾರ್ವೆ, ಬ್ರಿಟನ್ ಇದರಲ್ಲಿವೆ. ಗೆಲಿಲಿಯೊ ಮಾರ್ಗದರ್ಶನ ಉಪಗ್ರಹಗಳ, ಕೋಪರ್ನಿಕಸ್ ಭೂವೀಕ್ಷಣೆಯ ಖರ್ಚು ಒಕ್ಕೂಟದ್ದು. ಉಡಾವಣೆಯ ವಿಷಯದಲ್ಲಿ ಅದು ಮುಖ್ಯವಾಗಿ ಗಿರಾಕಿ. ಇಎಸ್‌ಎ ಒಳಗೆ ಎರಡು ಬಗೆಯ ಕಾರ್ಯಕ್ರಮಗಳಿವೆ. ವಿಜ್ಞಾನ ಕಾರ್ಯಕ್ರಮ ಕಡ್ಡಾಯ, ಎಲ್ಲ ಸದಸ್ಯರೂ ತಮ್ಮ ರಾಷ್ಟ್ರೀಯ ಆದಾಯಕ್ಕೆ ತಕ್ಕಂತೆ ಕೊಡಬೇಕು. ಉಡಾವಣಾ ವಾಹನ ಐಚ್ಛಿಕ, ಬೇಕಾದವರು ಬೇಕಾದಷ್ಟು ಹಾಕಬಹುದು. ಏರಿಯಾನ್ 6ಕ್ಕೆ ಹೀಗೆ 13 ದೇಶಗಳು ಸೇರಿದವು, ಅರ್ಧಕ್ಕಿಂತ ಹೆಚ್ಚು ಫ್ರಾನ್ಸಿನದು, ನಂತರದ್ದು ಜರ್ಮನಿ. ವೇಗಾ ಎಂಬ ಚಿಕ್ಕ ರಾಕೆಟ್ಟಿನಲ್ಲಿ ದೊಡ್ಡ ಪಾಲು ಇಟಲಿಯದು. ಯಾರು ಎಷ್ಟು ಎಂದು ತೀರ್ಮಾನವಾಗುವುದು ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಕೂಡುವ ಸಚಿವರ ಸಭೆಯಲ್ಲಿ. 2025ರ ನವೆಂಬರಿನ ಬ್ರೆಮೆನ್ ಸಭೆ ಎಲ್ಲ ಕಾರ್ಯಕ್ರಮಗಳಿಗೂ ಸೇರಿ 2,210 ಕೋಟಿ ಯೂರೊ ಒಪ್ಪಿತು.

ಆ ಸಭೆಯಲ್ಲಿ ಪ್ರತಿ ದೇಶದ ಪರವಾಗಿ ಲೆಕ್ಕ ಹಾಕಿ ಕೂರುವುದು ಅದರದರ ರಾಷ್ಟ್ರೀಯ ಸಂಸ್ಥೆ. ‘ಇಎಸ್‌ಎ ಇದ್ದೂ ಇವು ಏಕೆ’ ಎಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದು. ಉಳಿದರ್ಧ, ನೆಲದ ಮೇಲಿನ ಆಸ್ತಿ ಅವುಗಳ ಬಳಿ ಇದೆ: ಕ್ನೆಸ್‌ಗೆ ಕೂರು, ಡಿಎಲ್‌ಆರ್‌ಗೆ ಲಾಂಪೋಲ್ಡ್ಸ್‌ಹೌಸೆನ್ ಎಂಬಲ್ಲಿರುವ ಎಂಜಿನ್ ಪರೀಕ್ಷಾ ಕಟ್ಟೆಗಳು, ಇಟಲಿಗೆ ಕೀನ್ಯಾದ ಮಾಲಿಂದಿಯಲ್ಲಿರುವ ಕೇಂದ್ರ. ಅಲ್ಲಿಂದ ಏರಿಯಾನ್ 5ರ ಸಂಕೇತಗಳನ್ನು ಹಿಡಿಯುತ್ತಿದ್ದರು.

ಕೊಟ್ಟ ಹಣ ವಾಪಸು ಹೇಗೆ ಬರುತ್ತದೆ? ‘ಭೌಗೋಳಿಕ ಮರುಪಾವತಿ’ ಎನ್ನಬಹುದಾದ ನಿಯಮವೊಂದಿದೆ. ಒಂದು ದೇಶ ಕಾರ್ಯಕ್ರಮದ ವಂತಿಗೆಯಲ್ಲಿ 100ಕ್ಕೆ 20 ಹಾಕಿದೆ ಎನ್ನೋಣ. ಗುತ್ತಿಗೆಗಳಲ್ಲಿ ಆ ದೇಶದ ಕಂಪನಿಗಳಿಗೆ 100ಕ್ಕೆ 20 ಸಿಕ್ಕರೆ ಗುಣಾಂಕ 1, 18 ಸಿಕ್ಕರೆ 0.9. ಗುಣಾಂಕ 1ಕ್ಕೆ ಹತ್ತಿರ ಇರುವಂತೆ ಇಎಸ್‌ಎ ಗುತ್ತಿಗೆಗಳನ್ನು ಹಂಚುತ್ತದೆ. ಗುತ್ತಿಗೆಯ ತಾಂತ್ರಿಕ ಬೆಲೆಗೂ ತೂಕ ಕೊಡುತ್ತಾರೆ. ಬರೀ ಬೋಲ್ಟು ತಿರುಗಿಸುವ ಕೆಲಸ ಕೊಟ್ಟು ‘ನಿನ್ನ ಪಾಲು ಮುಗಿಯಿತು’ ಎನ್ನುವಂತಿಲ್ಲ.

ಈ ನಿಯಮವನ್ನು ಬೈಯುವುದು ಈಗ ರೂಢಿಯಾಗಿದೆ. ಅದಕ್ಕೆ ಕಾರಣವೂ ಇದೆ. ಒಬ್ಬ ಪೂರೈಕೆದಾರ ಬೆಲೆ ಏರಿಸಿದರೆ ಮುಖ್ಯ ಗುತ್ತಿಗೆದಾರ ಬೇರೆಯವನನ್ನು ಹುಡುಕುವಂತಿಲ್ಲ, ಏಕೆಂದರೆ ಆ ಕೆಲಸ ಆ ದೇಶದ ಪಾಲು. ಒಂದೇ ಸೂರಿನಡಿ ಆಗಬಹುದಾದ ಕೆಲಸ ನಾಲ್ಕು ದೇಶಗಳಲ್ಲಿ ಹರಡಿ, ಪ್ರತಿ ಗಡಿಯಲ್ಲೂ ಒಂದು ತಪಾಸಣೆ, ಒಂದು ಪ್ಯಾಕಿಂಗು, ಒಂದು ದಾಖಲೆಯ ಕಟ್ಟು ಹುಟ್ಟುತ್ತದೆ. ಸಂದುಗಳ ಸಂಖ್ಯೆ ಹೆಚ್ಚುತ್ತದೆ. ಆದರೂ ಆ ಬೈಗುಳವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ತನ್ನ ತೆರಿಗೆ ಹಣ ಪರದೇಶದ ಕಾರ್ಖಾನೆಗೆ ಹೋಗುತ್ತದೆ ಎಂದರೆ ಯಾವ ಸಂಸತ್ತು ಅದಕ್ಕೆ ಒಪ್ಪಿಗೆ ಕೊಟ್ಟೀತು? ಅಭಿವೃದ್ಧಿಯ ಹಂತದಲ್ಲಿ ಈ ನಿಯಮವೇ ಹಣ ತಂದದ್ದು. ರಾಕೆಟ್ ಸಿದ್ಧವಾಗಿ ವರ್ಷಕ್ಕೆ ಹತ್ತು ಕಟ್ಟಬೇಕಾದಾಗಲೂ ಅದೇ ಪೂರೈಕೆ ಸರಪಳಿ ಕಾಲಿಗೆ ತೊಡಕಾಗಿ ಉಳಿಯುತ್ತದಲ್ಲ, ತೊಂದರೆ ಅಲ್ಲಿದೆ.

ಏರಿಯಾನ್ 6 ಒಂದನ್ನು ಬಿಡಿಸಿ ನೋಡಿ. ನಡುವಿನ ದೊಡ್ಡ ಹಂತ ಪ್ಯಾರಿಸ್ ಸಮೀಪದ ಲೆ ಮ್ಯೂರೊದಲ್ಲಿ ಜೋಡಣೆಯಾಗುತ್ತದೆ, ಮೇಲಿನ ಹಂತ ಜರ್ಮನಿಯ ಬ್ರೆಮೆನ್‌ನಲ್ಲಿ. ವಲ್ಕೇನ್ 2.1 ಎಂಜಿನ್ ಫ್ರಾನ್ಸಿನ ವೆರ್ನೊನ್‌ನಲ್ಲಿ ಕೂಡಿಕೊಳ್ಳುತ್ತದೆ, ಆದರೆ ಅದರ ದಹನ ಕೋಣೆ ಮ್ಯೂನಿಕ್ ಪಕ್ಕದ ಓಟೊಬ್ರುನ್ನಿನದು, ಆಮ್ಲಜನಕದ ಪಂಪು ಇಟಲಿಯದು, ಟರ್ಬೈನ್ ಸ್ವೀಡನ್ನಿನದು. ಉಪಗ್ರಹದ ಮೇಲಿನ 5.4 ಮೀಟರ್ ಅಗಲದ ಹೊದಿಕೆ ಸ್ವಿಟ್ಜರ್‌ಲೆಂಡಿನ ಎಮೆನ್‌ನಿಂದ ಬರುತ್ತದೆ. ಪಕ್ಕದ ಘನ ಇಂಧನದ ಬೂಸ್ಟರು ಪಿ120ಸಿ, ಏರಿಯಾನ್ 6ರ ಎರಡು ಬಗೆಗಳಲ್ಲಿ 62 ಎಂಬುದಕ್ಕೆ ಎರಡು, 64 ಎಂಬುದಕ್ಕೆ ನಾಲ್ಕು. ಅದರ ಕಾರ್ಬನ್ ನಾರಿನ ಕವಚ ರೋಮ್ ಬಳಿಯ ಕೊಲೆಫೆರೊದಲ್ಲಿ, ಉರಿದ ಅನಿಲ ಹೊರನುಗ್ಗುವ ಮೂತಿ ಫ್ರಾನ್ಸಿನ ಬೋರ್ಡೊ ಬಳಿ ತಯಾರಾಗುತ್ತವೆ. ಒಳಗಿನ ಸುಮಾರು 142 ಟನ್ ಇಂಧನವನ್ನು ಮಾತ್ರ ಹಡಗಿನಲ್ಲಿ ಸಾಗಿಸುವ ಅಪಾಯ ಬೇಡವೆಂದು ಕೂರುವಿನಲ್ಲೇ ಎರಕ ಹೊಯ್ಯುತ್ತಾರೆ. ಇದೇ ಬೂಸ್ಟರು ಇಟಲಿಯ ವೇಗಾ ಸಿ ರಾಕೆಟ್ಟಿನ ಮೊದಲ ಹಂತ. ಎರಡು ರಾಕೆಟ್‌ಗಳಿಗೆ ಒಂದೇ ಮೋಟಾರು ಕಟ್ಟಿದರೆ ಬಿಡಿ ಬೆಲೆ ಇಳಿಯುತ್ತದೆ. ಇಡೀ ಕೂಡುಕೆಲಸದಲ್ಲಿ ಅತ್ಯಂತ ಜಾಣ ತೀರ್ಮಾನ ಯಾವುದೆಂದರೆ ನಾನು ಇದನ್ನು ಹೇಳುತ್ತೇನೆ.

ಹಂತಗಳನ್ನು ಕನೊಪೆ ಎಂಬ ಹಡಗು ಬ್ರೆಮೆನ್, ಲೆ ಹಾವ್ರ್, ಬೋರ್ಡೊಗಳಲ್ಲಿ ಹತ್ತಿಸಿಕೊಂಡು ಅಟ್ಲಾಂಟಿಕ್ ದಾಟಿಸುತ್ತದೆ. 121 ಮೀಟರ್ ಉದ್ದದ ಆ ಹಡಗಿಗೆ ಎಂಜಿನ್ ಜೊತೆ ನಾಲ್ಕು ಹಾಯಿಗಳೂ ಇವೆ. ಕೂರುವಿನಲ್ಲಿ ನಡು ಹಂತವನ್ನೂ ಮೇಲಿನ ಹಂತವನ್ನೂ ಮಲಗಿಸಿಯೇ ಜೋಡಿಸುತ್ತಾರೆ. ಏರಿಯಾನ್ 5ರಲ್ಲಿ ನಿಲ್ಲಿಸಿ ಜೋಡಿಸುತ್ತಿದ್ದರು. ಮಲಗಿಸಿದರೆ ಎತ್ತರದ ಕಟ್ಟಡ ಬೇಡ, ಕೆಲಸವೂ ಬೇಗ. ಆಮೇಲೆ ಚಕ್ರವಾಹನದ ಮೇಲೆ ಉಡಾವಣಾ ಕಟ್ಟೆಗೆ ಒಯ್ದು, 90 ಮೀಟರ್ ಎತ್ತರದ ಚಲಿಸುವ ಗೋಪುರದೊಳಗೆ ಎತ್ತಿ ನಿಲ್ಲಿಸಿ, ಪಕ್ಕಕ್ಕೆ ಬೂಸ್ಟರುಗಳನ್ನು ಕಟ್ಟಿ, ಕೊನೆಗೆ ಹೊದಿಕೆಯೊಳಗೆ ಮುಚ್ಚಿದ ಉಪಗ್ರಹವನ್ನು ಮೇಲೇರಿಸುತ್ತಾರೆ. ಉಡಾವಣೆಯ ದಿನ ಗೋಪುರ ಹಿಂದೆ ಸರಿಯುತ್ತದೆ. ಸೊನ್ನೆಗಿಂತ 183 ಡಿಗ್ರಿ ಕೆಳಗಿನ ದ್ರವ ಆಮ್ಲಜನಕ, 253 ಡಿಗ್ರಿ ಕೆಳಗಿನ ದ್ರವ ಜಲಜನಕ ತುಂಬುತ್ತಾರೆ. ಮೊದಲು ವಲ್ಕೇನ್ ಹೊತ್ತಿಕೊಳ್ಳುತ್ತದೆ. ಕಂಪ್ಯೂಟರು ಕೆಲವು ಸೆಕೆಂಡು ಅದರ ಆರೋಗ್ಯ ನೋಡಿ ಒಪ್ಪಿದ ಮೇಲೆಯೇ ಬೂಸ್ಟರಿಗೆ ಬೆಂಕಿ. ದ್ರವ ಎಂಜಿನನ್ನು ಆರಿಸಬಹುದು, ಘನ ಇಂಧನ ಒಮ್ಮೆ ಹೊತ್ತಿದರೆ ಆರಿಸಲಾಗದು. ಈ ಕ್ರಮಕ್ಕೆ ಕಾರಣ ಅದು. ಹಾರಿದ ಮೇಲೆ ರಾಕೆಟ್ ದಾರಿ ತಪ್ಪಿದರೆ ನಾಶಪಡಿಸುವ ಆದೇಶ ಕೊಡುವ ಸುರಕ್ಷತಾ ಅಧಿಕಾರಿ ಏರಿಯಾನ್‌ಗ್ರೂಪಿನವರಲ್ಲ, ಕ್ನೆಸ್‌ನವರು. ಕಟ್ಟಿದವರ ಕೈಯಲ್ಲಿ ಆ ಗುಂಡಿ ಇರಬಾರದು ಎಂಬ ಹಂಚಿಕೆ ಇಂದಿಗೂ ಗಟ್ಟಿಯಾಗಿ ನಿಂತಿದೆ.

ಸಂದುಗಳ ವಿಷಯಕ್ಕೆ ಮರಳೋಣ. 1996ರ ಜೂನ್ 4ರಂದು ಏರಿಯಾನ್ 5ರ ಮೊದಲ ಹಾರಾಟ. ದಿಕ್ಕು, ವೇಗ ಅಳೆಯುವ ಘಟಕ ಏರಿಯಾನ್ 4ರಲ್ಲಿ ಚೆನ್ನಾಗಿ ದುಡಿದದ್ದು, ತಂತ್ರಾಂಶ ಸಮೇತ ಹಾಗೆಯೇ ತಂದು ಕೂರಿಸಿದ್ದರು. ಏರಿಯಾನ್ 5 ನೆಲ ಬಿಟ್ಟ ಮೇಲೆ ಹಳೆಯದಕ್ಕಿಂತ ಬೇಗನೆ ಅಡ್ಡ ವೇಗ ಗಳಿಸುತ್ತದೆ. ಆ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆಯನ್ನು 64 ಬಿಟ್‌ನಿಂದ 16 ಬಿಟ್‌ಗೆ ಇಳಿಸುವಾಗ ಅದು ಹಿಡಿಸದೆ ಉಕ್ಕಿ, ಘಟಕ ನಿಂತುಹೋಯಿತು. ಬದಲಿ ಘಟಕದಲ್ಲೂ ಅದೇ ತಂತ್ರಾಂಶವಿದ್ದುದರಿಂದ ಅದೂ ನಿಂತಿತ್ತು. ಎಂಜಿನ್ ಹೊತ್ತಿದ ಸುಮಾರು 37 ಸೆಕೆಂಡಿಗೆ ರಾಕೆಟ್ ವಾಲಿ ಒಡೆಯಿತು, ನಾಲ್ಕು ಕ್ಲಸ್ಟರ್ ವಿಜ್ಞಾನ ಉಪಗ್ರಹಗಳು ಬೂದಿಯಾದವು. ಹೆಚ್ಚು ನೋವಿನ ವಿಷಯವೆಂದರೆ, ಆ ಲೆಕ್ಕ ಹಾಕುತ್ತಿದ್ದ ಭಾಗಕ್ಕೆ ರಾಕೆಟ್ ಮೇಲೆದ್ದ ನಂತರ ಮಾಡುವ ಕೆಲಸವೇ ಇರಲಿಲ್ಲ. ಘಟಕ ಕೆಟ್ಟಿರಲಿಲ್ಲ, ಅದನ್ನು ಕೊಂಡಾಗ ಬರೆದ ವಿವರಣೆಯಲ್ಲಿ ಏರಿಯಾನ್ 5ರ ಪಥದ ಅಂಕಿಗಳೇ ಇರಲಿಲ್ಲ. ಆ ಪಥವನ್ನು ಹಾಕಿ ನೆಲದ ಮೇಲೆ ಒಮ್ಮೆ ಪರೀಕ್ಷಿಸಿದ್ದರೆ ತಪ್ಪು ಸಿಕ್ಕಿಬೀಳುತ್ತಿತ್ತು.

2020ರ ನವೆಂಬರಿನಲ್ಲಿ ವೇಗಾದ 17ನೇ ಹಾರಾಟ. ನಾಲ್ಕನೆಯ ಹಂತ ಹೊತ್ತಿಕೊಂಡ ಕೂಡಲೇ ರಾಕೆಟ್ ಗಿರಕಿ ಹೊಡೆಯಿತು. ಎಂಜಿನ್ ಮೂತಿಯನ್ನು ಹೊರಳಿಸುವ ಎರಡು ಯಂತ್ರಗಳ ಕೇಬಲ್ಲುಗಳು ಅದಲುಬದಲಾಗಿದ್ದವು. ಬಲಕ್ಕೆ ಎಂದು ಕಂಪ್ಯೂಟರು ಹೇಳಿದಾಗ ಮೂತಿ ಬೇರೆ ಕಡೆಗೆ ಹೊರಳುತ್ತಿತ್ತು. ಸ್ಪೇನಿನ ಸಿಯೊಸ್ಯಾಟ್, ಫ್ರಾನ್ಸಿನ ಟರಾನಿಸ್ ಎರಡೂ ಹೋದವು. ಇಂಥ ತಪ್ಪಿಗೆ ಎರಡು ತಡೆಗಳಿವೆ: ಒಂದು ಪ್ಲಗ್ ಇನ್ನೊಂದರ ಜಾಗಕ್ಕೆ ಹಿಡಿಸದಂತೆ ಆಕಾರ ಬದಲಿಸುವುದು, ಮತ್ತು ಜೋಡಣೆ ಮುಗಿದ ಮೇಲೆ ಮೂತಿ ನಿಜಕ್ಕೂ ಯಾವ ದಿಕ್ಕಿಗೆ ಹೊರಳಿತು ಎಂದು ಕೊನೆಯಿಂದ ಕೊನೆಯವರೆಗೆ ನೋಡುವುದು. ವಿದ್ಯುತ್ ಹರಿಯಿತೇ ಎಂದಷ್ಟೇ ನೋಡಿದರೆ ಅದಲುಬದಲಾದ ತಂತಿಯೂ ಪಾಸಾಗುತ್ತದೆ.

2022ರ ಡಿಸೆಂಬರಿನಲ್ಲಿ ವೇಗಾ ಸಿಯ ಎರಡನೆಯ ಹಾರಾಟ. ಎರಡನೆಯ ಹಂತ ಜೆಫಿರೊ 40ರ ಮೂತಿಯ ಕುತ್ತಿಗೆಯಲ್ಲಿದ್ದ ಕಾರ್ಬನ್-ಕಾರ್ಬನ್ ಬಳೆ ಅಂದುಕೊಂಡದ್ದಕ್ಕಿಂತ ಹೆಚ್ಚು ಸವೆದು, ಒತ್ತಡ ಕುಸಿಯಿತು. ಬಳೆ ಯುಕ್ರೇನಿನಿಂದ ಬಂದದ್ದು. ಅದರ ವಸ್ತು ಎಲ್ಲ ಕಡೆ ಒಂದೇ ಸಮ ಇರಲಿಲ್ಲ ಎಂದು ತನಿಖೆ ಕಂಡುಕೊಂಡಿತು, ಜೊತೆಗೆ ಅದನ್ನು ಒಪ್ಪಿಕೊಳ್ಳುವ ಮುನ್ನ ಅಳೆದ ಮಾನದಂಡಗಳೇ ಸಾಲದಿದ್ದವು ಎಂದೂ ಹೇಳಿತು. ಎರಡನೆಯ ಮಾತು ಮುಖ್ಯ. ದೋಷ ಮಾರಿದವನ ಅಂಗಳದಲ್ಲಿ ಹುಟ್ಟಿದರೂ ಕೊಂಡವನ ಬಾಗಿಲಿನಲ್ಲಿ ಹಿಡಿಯಬಹುದಿತ್ತು. ಬಳೆಗೆ ಏರಿಯಾನ್‌ಗ್ರೂಪಿನ ವಸ್ತು ಹಾಕಿ 2023ರ ಜೂನಿನಲ್ಲಿ ನೆಲದ ಮೇಲೆ ಉರಿಸಿದಾಗ ಮೂತಿ ಮತ್ತೆ ಕೆಟ್ಟಿತು. ವಸ್ತು ಬದಲಿಸಿದಾಗ ಅದರ ಸುತ್ತಲಿನ ಭಾಗಗಳಿಗೆ ಹೋಗುವ ಬಿಸಿಯ ಲೆಕ್ಕವೂ ಬದಲಾಗುತ್ತದೆ, ಹಳೆಯ ಜಾಗದಲ್ಲಿ ಹೊಸ ಬಳೆ ತೂರಿಸಿದರೆ ಸಾಲದು. ಮೂತಿಯನ್ನೇ ಹೊಸದಾಗಿ ವಿನ್ಯಾಸ ಮಾಡಿ, 2024ರ ಮೇ ಮತ್ತು ಅಕ್ಟೋಬರಿನಲ್ಲಿ ಎರಡು ಸಲ ಉರಿಸಿ ನೋಡಿ, ಡಿಸೆಂಬರ್ 5ರಂದು ಮತ್ತೆ ಹಾರಿಸಿದರು. ಎರಡು ವರ್ಷ ಹೋಯಿತು.

ನಿಮ್ಮ ಫಾಲ್ಕನ್ 9 ಪ್ರಶ್ನೆಗೆ ಉತ್ತರ ಆ ಎರಡು ವರ್ಷಗಳಲ್ಲಿದೆ. ಯುರೋಪಿನ ಬಳಿ ಮೂರು ಗಾತ್ರದ ಬಂಡಿಗಳಿದ್ದವು. ಭಾರಕ್ಕೆ ಏರಿಯಾನ್ 5, ಹಗುರಕ್ಕೆ ವೇಗಾ, ನಡುವಿನದಕ್ಕೆ 2011ರಿಂದ ಕೂರುವಿನಿಂದಲೇ ಹಾರುತ್ತಿದ್ದ ರಷ್ಯದ ಸೊಯುಜ್. ಏರಿಯಾನ್ 5 ಕಟ್ಟುವುದನ್ನು ನಿಲ್ಲಿಸಿ, ಅದರ ಜಾಗಕ್ಕೆ 2020ರಲ್ಲಿ ಏರಿಯಾನ್ 6 ಬರುತ್ತದೆಂದು ಲೆಕ್ಕ ಹಾಕಿದ್ದರು. ಅದು ತಡವಾಯಿತು. 2022ರ ಫೆಬ್ರವರಿಯಲ್ಲಿ ಯುಕ್ರೇನ್ ಯುದ್ಧ ಶುರುವಾದ ಕೂಡಲೇ ರಷ್ಯ ತನ್ನ ಜನರನ್ನು ಕೂರುವಿನಿಂದ ಕರೆಸಿಕೊಂಡಿತು. ವರ್ಷದ ಕೊನೆಗೆ ವೇಗಾ ಸಿ ಬಿತ್ತು. 2023ರ ಜುಲೈ 5ರಂದು ಏರಿಯಾನ್ 5ರ 117ನೇ, ಕೊನೆಯ ಹಾರಾಟ ಮುಗಿಯಿತು. ಉಳಿದದ್ದು ಹಳೆಯ ವೇಗಾದ ಬೆರಳೆಣಿಕೆಯ ಹಾರಾಟ. ಹಾಗಾಗಿ ಯೂಕ್ಲಿಡ್ ದೂರದರ್ಶಕ 2023ರಲ್ಲಿ, ಮೋಡಗಳನ್ನು ಅಳೆಯುವ ಅರ್ಥ್‌ಕೇರ್, ಕ್ಷುದ್ರಗ್ರಹದತ್ತ ಹೊರಟ ಹೇರಾ ಮತ್ತು ನಾಲ್ಕು ಗೆಲಿಲಿಯೊ ಉಪಗ್ರಹಗಳು 2024ರಲ್ಲಿ ಫಾಲ್ಕನ್ 9 ಹತ್ತಿದವು. ಹಳೆಯದನ್ನು ಮುಚ್ಚುವ ದಿನವನ್ನು ಹೊಸದು ಹಾರುವ ದಿನಕ್ಕೆ ಕಟ್ಟಿಹಾಕದೆ ಪಂಚಾಂಗಕ್ಕೆ ಕಟ್ಟಿದ್ದು ಇಲ್ಲಿನ ಮೂಲ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಕನಿಷ್ಠ ನಾಲ್ಕೈದು ಏರಿಯಾನ್ 5 ಹೆಚ್ಚಿಗೆ ಕಟ್ಟಿಟ್ಟುಕೊಂಡಿದ್ದರೆ ಈ ಪಾಡು ಬರುತ್ತಿರಲಿಲ್ಲ.

ಏರಿಯಾನ್ 6ರ ತಡಕ್ಕೆ ಕೆಲವರು ಆಡಳಿತದ ಬದಲಾವಣೆಯನ್ನೂ ದೂರುತ್ತಾರೆ. 2014ರಲ್ಲಿ ರಾಕೆಟ್ಟಿಗೆ ಒಪ್ಪಿಗೆ ಸಿಕ್ಕಾಗ ಹಳೆಯ ಪದ್ಧತಿಯನ್ನು ಮುರಿದರು. ವಿನ್ಯಾಸದ ಯಜಮಾನಿಕೆ ಕ್ನೆಸ್‌ನಿಂದ ಕಂಪನಿಗೆ ಹೋಯಿತು, ಏರಿಯಾನ್‌ಸ್ಪೇಸ್‌ನಲ್ಲಿದ್ದ ತನ್ನ ಪಾಲನ್ನೂ ಕ್ನೆಸ್ ಮಾರಿತು. ಉಡಾವಣಾ ಕಟ್ಟೆಯನ್ನು ಮಾತ್ರ ಕ್ನೆಸ್ ಕಟ್ಟಿಸಿತು. ಹೀಗೆ ರಾಕೆಟ್ಟಿಗೊಬ್ಬ ಯಜಮಾನ, ಕಟ್ಟೆಗೊಬ್ಬ ಯಜಮಾನ ಆದಾಗ ಇಬ್ಬರ ನಡುವೆ ಹೊಸ ಸಂದೊಂದು ಹುಟ್ಟಿತು: ಇಂಧನ ತುಂಬುವ ಕೊಳವೆಗಳು, ತಂತಿಗಳು, ಎಣಿಕೆಯ ತಂತ್ರಾಂಶ ಎಲ್ಲ ಅಲ್ಲೇ ಕೂಡಬೇಕು. ಅದಕ್ಕಾಗಿಯೇ ಇಎಸ್‌ಎ, ಕ್ನೆಸ್, ಏರಿಯಾನ್‌ಗ್ರೂಪ್ ಮೂವರ ಜಂಟಿ ತಂಡ ಮಾಡಿ, ನಿಜ ಗಾತ್ರದ ಪರೀಕ್ಷಾ ರಾಕೆಟ್ಟನ್ನು ಕಟ್ಟೆಯ ಮೇಲೆ ನಿಲ್ಲಿಸಿ ತಿಂಗಳುಗಟ್ಟಲೆ ತುಂಬಿ, ಬರಿದು ಮಾಡಿ, 2023ರ ನವೆಂಬರಿನಲ್ಲಿ ವಲ್ಕೇನನ್ನು ಏಳು ನಿಮಿಷ ಉರಿಸಿದರು. ತಡವಾದರೂ ಅದು ಸರಿಯಾದ ತಡ. 2024ರ ಜುಲೈ 9ರಂದು ರಾಕೆಟ್ ಹಾರಿತು. ಮೇಲಿನ ಹಂತದಲ್ಲಿ ಟ್ಯಾಂಕಿನ ಒತ್ತಡ ಕಾಯುವ ಸಹಾಯಕ ಘಟಕವೊಂದು ತಾಪದ ಒಂದು ಅಳತೆ ಮಿತಿ ಮೀರಿದ್ದರಿಂದ ತನ್ನಷ್ಟಕ್ಕೆ ಆರಿ, ವಿಂಚಿ ಎಂಜಿನ್ನನ್ನು ಕೊನೆಯ ಸಲ ಹೊತ್ತಿಸಲಾಗಲಿಲ್ಲ. ಆ ಹಂತ ಕಕ್ಷೆಯಲ್ಲೇ ಉಳಿಯಿತು. ತಂತ್ರಾಂಶ ತಿದ್ದಿ 2025ರ ಮಾರ್ಚ್ 6ರಂದು ಫ್ರಾನ್ಸಿನ ಸಿಎಸ್‌ಒ-3 ಉಪಗ್ರಹವನ್ನು ಕಕ್ಷೆಗೆ ಸೇರಿಸಿದರು.

ಮುಂದೆ ಏನು? ಫ್ರಾನ್ಸ್, ಜರ್ಮನಿ, ಇಟಲಿ ಮೂರೂ 2023ರ ನವೆಂಬರಿನಲ್ಲಿ ಸೆವಿಲ್ಲೆಯಲ್ಲಿ ಕೂತು ಮತ್ತೊಂದು ಕೊಡುಕೊಳ್ಳುವಿಕೆ ಮಾಡಿಕೊಂಡವು. ಏರಿಯಾನ್ 6ಕ್ಕೆ ವರ್ಷಕ್ಕೆ 34 ಕೋಟಿ ಯೂರೊವರೆಗೆ ನೆರವು ಸಿಕ್ಕಿತು. ಅದು ಫ್ರಾನ್ಸಿಗೆ ಬೇಕಿತ್ತು. ವೇಗಾ ಸಿಯನ್ನು ತಾನೇ ಮಾರುವ ಸ್ವಾತಂತ್ರ್ಯ ಅದನ್ನು ಕಟ್ಟುವ ಆವಿಯೊ ಕಂಪನಿಗೆ ಸಿಕ್ಕಿತು. ಅದು ಇಟಲಿಗೆ ಬೇಕಿತ್ತು. ಹೊಸ ಖಾಸಗಿ ರಾಕೆಟ್‌ಗಳಿಗೆ ಸ್ಪರ್ಧೆಯ ಬಾಗಿಲು ತೆರೆಯಿತು, ಅದು ಜರ್ಮನಿಯ ಬೇಡಿಕೆ. ಆ ಸ್ಪರ್ಧೆಗೆ 2025ರ ಜುಲೈನಲ್ಲಿ ಐದು ಕಂಪನಿಗಳನ್ನು ಆರಿಸಿದರು: ಜರ್ಮನಿಯ ಇಸಾರ್ ಮತ್ತು ಆರ್‌ಎಫ್‌ಎ, ಫ್ರಾನ್ಸಿನ ಮಾಯಾಸ್ಪೇಸ್, ಸ್ಪೇನಿನ ಪಿಎಲ್‌ಡಿ, ಬ್ರಿಟನ್ನಿನ ಆರ್ಬೆಕ್ಸ್. ಒಬ್ಬೊಬ್ಬರಿಗೆ ಗರಿಷ್ಠ 16.9 ಕೋಟಿ ಯೂರೊ. ಇಲ್ಲಿ ಕ್ರಮ ತಿರುಗುಮುರುಗಾಗಿದೆ. ಮೊದಲು ಕಂಪನಿಗಳ ಆಯ್ಕೆ, ಆಮೇಲೆ ಅವುಗಳ ದೇಶಗಳು ಎಷ್ಟು ಹಾಕುತ್ತವೆ ಎಂಬ ಮಾತು. ಭೌಗೋಳಿಕ ಮರುಪಾವತಿಯ ತೊಡಕನ್ನು ಬಿಡಿಸಲು ಇದು ಮೊದಲ ನಿಜವಾದ ಪ್ರಯತ್ನ. ಇಸಾರ್‌ನ ಸ್ಪೆಕ್ಟ್ರಮ್ 2025ರ ಮಾರ್ಚ್ 30ರಂದು ನಾರ್ವೆಯ ಆಂಡೊಯಾದಿಂದ ಎದ್ದು ಅರ್ಧ ನಿಮಿಷಕ್ಕೆ ಸಮುದ್ರಕ್ಕೆ ಬಿದ್ದಿತು. ಮೊದಲ ಹಾರಾಟಕ್ಕೆ ಅದು ಅಸಹಜವೇನಲ್ಲ.

ಮರಳಿ ಬಂದು ಇಳಿಯುವ ರಾಕೆಟ್ಟಿನಲ್ಲಿ ಯುರೋಪು ಅಮೆರಿಕಕ್ಕಿಂತ ಬಹಳ ಹಿಂದಿದೆ. ಅಲ್ಲೂ ಎರಡು ಜಾಡುಗಳಿವೆ. ಕ್ನೆಸ್ ಹುಟ್ಟುಹಾಕಿ ಇಎಸ್‌ಎ ಕೈಗೆ ಕೊಟ್ಟ ಪ್ರೊಮಿಥಿಯಸ್ ಎಂಜಿನ್ ಒಂದು. ಮೀಥೇನ್ ಮತ್ತು ಆಮ್ಲಜನಕದಲ್ಲಿ ಉರಿದು ಸುಮಾರು 100 ಟನ್ ನೂಕುಬಲ ಕೊಡುವ, ವಲ್ಕೇನ್‌ನ ಹತ್ತನೇ ಒಂದು ಬೆಲೆಗೆ ಸಿಗಬೇಕೆಂಬ ಗುರಿಯ ಎಂಜಿನ್ ಅದು. ಅದನ್ನು ಹೊತ್ತ ಥೆಮಿಸ್ ಎಂಬ ಪರೀಕ್ಷಾ ರಾಕೆಟ್ 2025ರಲ್ಲಿ ಸ್ವೀಡನ್ನಿನ ಎಸ್ರೇಂಜ್ ಕಟ್ಟೆ ಏರಿ ನಿಂತಿದೆ. ಇನ್ನೊಂದು ಕ್ಯಾಲಿಸ್ಟೊ. ಇದು ಇಎಸ್‌ಎ ಯೋಜನೆಯಲ್ಲ, ಕ್ನೆಸ್, ಡಿಎಲ್‌ಆರ್ ಮತ್ತು ಜಪಾನಿನ ಜಾಕ್ಸಾ ಮೂರೇ ಸಂಸ್ಥೆಗಳ ನೇರ ಒಪ್ಪಂದ. ಎತ್ತರ ಸುಮಾರು 13 ಮೀಟರ್, ಎಂಜಿನ್ ಜಪಾನಿನದು, ಇಳಿಯುವ ಕಾಲುಗಳು ಜರ್ಮನಿಯವು, ಕಟ್ಟೆ ಕೂರುವಿನಲ್ಲಿ. ಈ ಸಲ ಗಮನಿಸಬೇಕಾದದ್ದು ರಾಕೆಟ್ ಮೇಲೇರುವುದನ್ನಲ್ಲ. ಇಳಿಯುವಾಗ ಮಾರ್ಗದರ್ಶನದ ಲೆಕ್ಕ, ಎಂಜಿನ್ನಿನ ಕಡಿಮೆ ನೂಕುಬಲ, ಕಾಲುಗಳು ಬಿಚ್ಚಿಕೊಳ್ಳುವ ಕ್ಷಣ, ಈ ಮೂರೂ ಕೆಲವೇ ಸೆಕೆಂಡುಗಳಲ್ಲಿ ಕೂಡಬೇಕು, ಮತ್ತು ಆ ಮೂರರ ಹಿಂದೆ ಒಂದಕ್ಕಿಂತ ಹೆಚ್ಚು ದೇಶಗಳ ಕೈಯಿದೆ.